ಕರೆಂಟ್ ಹೋದಾಗಿನ ಕೊಳಲು

ನನ್ನ ಮಗಳು ದಾಬಸ್‌ಪೇಟೆಯ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾಳೆ. ಕಂಪನಿ ಬಸ್ಸಿನಲ್ಲಿ ಹೋಗಿ ಬರುವಷ್ಟು ಹೊತ್ತೂ ಕಿವಿಗೆ ಏನೋ ಸಿಕ್ಕಿಸಿಕೊಂಡು ಹಾಡು ಕೇಳುತ್ತಾಳೆ. ಮೊನ್ನೆ ಮನೆಗೆ ಬಂದವಳೇ ಚಪ್ಪಲಿ ಬಿಡುವುದಕ್ಕೂ ಮೊದಲು ಫೋನನ್ನು ತಂದು ನನ್ನ ಕಿವಿಗೆ ಹಿಡಿದಳು.

"ಅಮ್ಮ, ಇದು ತಾತ ಕೇಳ್ತಿದ್ದ ಕೊಳಲಿನ ಕ್ಯಾಸೆಟ್ ಅಲ್ವಾ? ಇದರ ಬಗ್ಗೆ ಜನ ಹೆಂಗ್ ಕಿತ್ತಾಡ್ತಾವ್ರೆ ನೋಡು. ಬರೀ ವಾದ್ಯದ್ದು ಇಂಥ ಆಲ್ಬಂ ಹಿಂದೆ ಬಂದಿಲ್ಲ, ಮುಂದೆ ಬರಲ್ಲ ಅಂತ ಅರ್ಧ ಜನ. ಅದರಲ್ಲೇನ್ ಮಹಾ ಇದೆ ಅಂತ ಇನ್ನರ್ಧ ಜನ. ನೀನೇನಂತೀಯ?"

ಕೇಳಿದೆ. ಸ್ವಚ್ಛವಾಗಿ, ಚುರುಕಾಗಿ, ತೆಳ್ಳಗೆ ನುಡಿಯುತ್ತಿತ್ತು. ನುಡಿಸಿದ ವಿದ್ವಾಂಸರು ಈಗಿಲ್ಲ; ದೊಡ್ಡವರು, ಅವರ ಬಗ್ಗೆ ಮಾತಾಡುವುದಕ್ಕೆ ನಾನ್ಯಾರು? ಆದರೆ ಜಗಳ ಆಡುತ್ತಿರುವ ಈ ಜನರನ್ನು ಕಂಡು ನನಗೆ ನಗು ಬಂತು. ಇವರ್ಯಾರೂ ಆ ಕ್ಯಾಸೆಟ್ಟನ್ನು ಕೇಳಿಯೇ ಇಲ್ಲ. ಅದನ್ನು ನಿಜವಾಗಿ, ದಿನವೂ ಕೂತು ಕೇಳಿದವರು ಈ ಭೂಮಿಯ ಮೇಲೆ ನಾಲ್ಕೇ ಜನ: ನಮ್ಮಪ್ಪ, ನಮ್ಮಮ್ಮ, ಅಪ್ಪನ ತಾಯಿಯಾದ ನಮ್ಮಜ್ಜಿ, ಮತ್ತೆ ನಾನು. ಉಳಿದ ಮೂವರೂ ಹೋಗಿಬಿಟ್ಟರು. ಈಗ ಸಾಕ್ಷಿ ಹೇಳಬೇಕಾದವಳು ನಾನೊಬ್ಬಳೇ.

ದೊಡ್ಡಬಳ್ಳಾಪುರದಲ್ಲಿ ನಮ್ಮದು ಮಗ್ಗದ ಮನೆ. ಮನೆಯೊಳಗೆ ಮಗ್ಗ ಇತ್ತು ಎಂದರೆ ಸುಳ್ಳಾಗುತ್ತದೆ, ಮಗ್ಗದೊಳಗೆ ನಾವಿದ್ದೆವು. ಬಾಗಿಲು ದಾಟಿದರೆ ದೊಡ್ಡ ಹಜಾರ, ಅದರ ತುಂಬ ಪವರ್‌ಲೂಮು. ಅವುಗಳ ಹಿಂದೆ ಉಳಿದ ಜಾಗದಲ್ಲಿ ಅಡುಗೆಮನೆ, ಒಂದು ಕೋಣೆ, ಹಿತ್ತಲಲ್ಲಿ ಬಚ್ಚಲು. ಗಾಳಿಗೆ ರೇಷ್ಮೆ ಎಳೆ ಸಿಕ್ಕಾಗುತ್ತದೆಂದು ಕಿಟಕಿಗಳನ್ನು ಯಾವಾಗಲೂ ಮುಚ್ಚಿಯೇ ಇಡುತ್ತಿದ್ದರು. ಕರೆಂಟ್ ಇರುವಷ್ಟು ಹೊತ್ತೂ ಮಗ್ಗ ಓಡುತ್ತಿತ್ತು. ಮಗ್ಗ ಓಡಿದರೆ ಗೋಡೆ ನಡುಗುತ್ತಿತ್ತು, ಗೂಡಿನಲ್ಲಿಟ್ಟ ಲೋಟ ತಾನಾಗಿಯೇ ಜರುಗಿ ಜರುಗಿ ಅಂಚಿಗೆ ಬರುತ್ತಿತ್ತು. ಹೊಸಬರು ಮನೆಗೆ ಬಂದರೆ ಕಿವಿ ಮುಚ್ಚಿಕೊಳ್ಳುತ್ತಿದ್ದರು. ನಮಗೆ ಅದು ಅಭ್ಯಾಸವಾಗಿ ಹೋಗಿತ್ತು. ಮಾತಿನ ಬದಲು ಕೈಸನ್ನೆ ಮಾಡುತ್ತಿದ್ದೆವು. ಎಳೆ ಕಡಿಯಿತು ಎನ್ನುವುದಕ್ಕೆ ಒಂದು ಸನ್ನೆ, ಊಟಕ್ಕೆ ಬನ್ನಿ ಎನ್ನುವುದಕ್ಕೆ ಒಂದು, ಸೀರೆ ವ್ಯಾಪಾರಿ ಬಂದಿದ್ದಾನೆ ಎನ್ನುವುದಕ್ಕೆ ಹೊಟ್ಟೆಯ ಮುಂದೆ ಕೈಯಿಂದ ದೊಡ್ಡ ಸುತ್ತು. ಸಂಸಾರ ನಡೆಸುವುದಕ್ಕೆ ಅಷ್ಟು ಸಾಕಾಗುತ್ತಿತ್ತು.

ನನ್ನ ಜಾಗ ಕೊನೆಯ ಮಗ್ಗಕ್ಕೂ ಗೋಡೆಗೂ ನಡುವಿನ ಸಂದಿ. ಅಲ್ಲೊಂದು ಕೈರಾಟೆ. ಮಗ್ಗದಲ್ಲಿ ಅತ್ತಿತ್ತ ಓಡುವ ಲಾಳಿಯೊಳಗೆ ಕೂರಿಸುವ ಸಣ್ಣ ಕಡ್ಡಿಗೆ ನೂಲು ಸುತ್ತಿ ಕೊಡಬೇಕು. ಅದಕ್ಕೆ ಕಂಡಿಕೆ ಎನ್ನುತ್ತಾರೆ. ಎಷ್ಟು ಸುತ್ತಿದರೂ ಮಗ್ಗ ತಿಂದು ಮುಗಿಸುತ್ತದೆ, ಅದರ ಹೊಟ್ಟೆ ತುಂಬಿತು ಅನ್ನುವುದೇ ಇಲ್ಲ. ಮಗ್ಗ ಓಡುತ್ತಿರುವಾಗ ಆ ಸಂದಿಯಿಂದ ಹೊರಗೆ ಬರುವ ಹಾಗಿರಲಿಲ್ಲ. ಬರಬೇಕಾದರೆ ಮಗ್ಗದ ಪಕ್ಕೆಗೆ ಮೈ ಒತ್ತಿಕೊಂಡು ಬರಬೇಕು, ಲಂಗದ ತುದಿ ಮೋಟಾರಿನ ಪಟ್ಟಿಗೆ ಸಿಕ್ಕಿದರೆ ಕತೆ ಮುಗಿಯಿತು. ಬಾಯಾರಿಕೆಯಾದರೂ, ಬಚ್ಚಲಿಗೆ ಹೋಗಬೇಕಾದರೂ ಕರೆಂಟ್ ಹೋಗಬೇಕು, ಇಲ್ಲವೇ ಅಪ್ಪನಿಗೆ ಸನ್ನೆ ಮಾಡಿ ಮಗ್ಗ ನಿಲ್ಲಿಸಬೇಕು. ಮಗ್ಗ ನಿಲ್ಲಿಸಿದಾಗ ಅಪ್ಪನ ಮುಖ ನೋಡುವುದಕ್ಕಿಂತ ಬಿಗಿಹಿಡಿದು ಕೂರುವುದೇ ವಾಸಿ ಅನ್ನಿಸುತ್ತಿತ್ತು. ದೊಡ್ಡವರು ಯಾರೂ ನನ್ನನ್ನು ಕಟ್ಟಿಹಾಕಿರಲಿಲ್ಲ, ಬೀಗ ಹಾಕಿರಲಿಲ್ಲ. ಆದರೂ ನಾನು ಅಲ್ಲೇ ಇದ್ದೆ.

ಆ ರಾಟೆ ಮೊದಲು ಅಜ್ಜಿಯದು. ಅಜ್ಜಿಯ ಕಣ್ಣಿಗೆ ಪೊರೆ ಬಂದು ಎಳೆ ಕಾಣದೆ ಹೋದಾಗ ನಾನು ಏಳನೇ ತರಗತಿ ಪಾಸಾಗಿ ಮನೆಯಲ್ಲಿದ್ದೆ. ಬೇಸಿಗೆ ರಜ.

"ಅಮ್ಮಣ್ಣಿ, ರಜಾ ಮುಗಿಯೋ ಗಂಟ ಒಂಚೂರು ಕೂತ್ಕೋ. ಆಮೇಲೆ ಯಾರನ್ನಾದ್ರೂ ನೋಡೋಣ," ಎಂದಿದ್ದ ಅಪ್ಪ.

ರಜ ಮುಗಿಯಿತು. ಹೈಸ್ಕೂಲು ಶುರುವಾಯಿತು. ನನ್ನ ಜೊತೆಯವರು ನೀಲಿ ಲಂಗ, ಬಿಳಿ ಜಾಕೀಟು ಹೊಲಿಸಿಕೊಂಡು ನಮ್ಮ ಮನೆಯ ಮುಂದೆಯೇ ಹೋದರು. ಅಪ್ಪ ರಾಟೆಗೆ ಬೇರೆ ಯಾರನ್ನೂ ನೋಡಲಿಲ್ಲ. ಅಷ್ಟರಲ್ಲಿ ನಾನು ದೊಡ್ಡವಳೂ ಆದೆ. ಅಲ್ಲಿಗೆ ಆ ಮಾತೇ ನಿಂತುಹೋಯಿತು. ಬೇಡ ಎಂದು ಯಾರೂ ಹೇಳಲಿಲ್ಲ ನೋಡಿ, ಅದೇ ನನ್ನ ಹೊಟ್ಟೆ ಉರಿಸಿದ್ದು. ಬೇಡ ಅಂದಿದ್ದರೆ ಅತ್ತಾದರೂ ಅಳಬಹುದಿತ್ತು, ಊಟ ಬಿಟ್ಟಾದರೂ ಕೂರಬಹುದಿತ್ತು. ಅಮ್ಮನ ಹತ್ತಿರ ಹೇಳಿಕೊಂಡರೆ ಅವಳದು ಒಂದೇ ಮಾತು.

"ನನ್ ಕೈಲೇನೈತೆ ಮಗಾ? ನಿಮ್ಮಪ್ಪನ್ನೇ ಕೇಳು. ಕರೆಂಟ್ ಹೋದಾಗ ಕೇಳು, ಆಗ ಸ್ವಲ್ಪ ಮೆತ್ತಗಿರ್ತಾರೆ."

ಕರೆಂಟ್ ಹೋದಾಗ! ಅಲ್ಲೇ ಇದ್ದದ್ದು ತೊಡಕು. ಕರೆಂಟ್ ಹೋದರೆ ಕೊಳಲು.

ಸೀರೆ ವ್ಯಾಪಾರಿಯೊಬ್ಬರು ಒಂದು ದೀಪಾವಳಿಗೆ ತಮ್ಮ ಮನೆಯ ಹಳೆಯ ಟೇಪ್‌ರೆಕಾರ್ಡರನ್ನು ಅಪ್ಪನಿಗೆ ಕೊಟ್ಟಿದ್ದರು. ಅದರ ಹೊಟ್ಟೆಯೊಳಗೆ ಒಂದು ಕ್ಯಾಸೆಟ್ ಉಳಿದುಕೊಂಡಿತ್ತು, ಕೊಳಲಿನದು. ಅಪ್ಪನ ಪಾಲಿಗೆ ಸಂಗೀತ ಅಂದರೆ ಅದೊಂದೇ ಆಯಿತು. ಇನ್ನೊಂದು ಕ್ಯಾಸೆಟ್ ತರಲಿಲ್ಲ, ತರಬೇಕೆಂದೂ ಅನ್ನಿಸಲಿಲ್ಲ. ವೋಲ್ಟೇಜ್ ಏರಿ ಮಗ್ಗದ ಮೋಟಾರೇ ಒಂದು ಸಲ ಸುಟ್ಟುಹೋಗಿದ್ದರಿಂದ ಟೇಪನ್ನು ಕರೆಂಟಿಗೆ ಹಾಕಲು ಅವನಿಗೆ ಭಯ. ಹಾಕಿದರೂ ಆ ಗದ್ದಲದಲ್ಲಿ ಕೇಳುವುದೆಲ್ಲಿ ಬಂತು? ಹಾಗಾಗಿ ಸೆಲ್ ಹಾಕಿ, ಕರೆಂಟ್ ಹೋದಾಗ ಮಾತ್ರ ಕೇಳುವುದು ಮನೆಯ ಪದ್ಧತಿಯಾಯಿತು. ಲೋಡ್‌ಶೆಡ್ಡಿಂಗ್ ಅಂದರೆ ಊರೆಲ್ಲ ಬಯ್ದುಕೊಳ್ಳುತ್ತಿದ್ದ ಕಾಲ. ಅಪ್ಪನೂ ಬಯ್ಯುತ್ತಿದ್ದ, ಬಯ್ಯುತ್ತಲೇ ಕೈ ಒರೆಸಿಕೊಂಡು ಗೂಡಿನಿಂದ ಟೇಪ್ ಇಳಿಸುತ್ತಿದ್ದ.

ಆಗ ನಡೆಯುತ್ತಿದ್ದ ಸಂಭ್ರಮ ನೋಡಬೇಕಿತ್ತು. ಬೀದಿಯ ಸದ್ದು ಬರದಂತೆ ಮುಂಬಾಗಿಲಿಗೆ ಅಗುಳಿ ಹಾಕಬೇಕು. ಕರೆಂಟ್ ಹೋಯಿತೆಂದು ಬೀದಿಯ ಹುಡುಗಿಯರೆಲ್ಲ ಕುಂಟೆಬಿಲ್ಲೆ ಆಡಲು ಹೊರಬೀಳುವ ಹೊತ್ತಿಗೆ ಸರಿಯಾಗಿ ನಮ್ಮ ಮನೆಯ ಬಾಗಿಲು ಮುಚ್ಚುತ್ತಿತ್ತು. ನನ್ನ ರಾಟೆ ಕೀಚ್ ಅನ್ನಬಾರದು, ಅದನ್ನೂ ನಿಲ್ಲಿಸಬೇಕು. ಅಮ್ಮನ ಪಂಪ್ ಸ್ಟೌ ಬುಸ್ ಅನ್ನಬಾರದು. ಒಗ್ಗರಣೆ ಸಿಡಿಯಬಾರದು. ಎಸರಿಗೆ ಹಿಟ್ಟು ಬಿಟ್ಟು ಮುದ್ದೆ ಕೂಡಿಸುತ್ತಿರುವಾಗ ಕರೆಂಟ್ ಹೋಯಿತೋ, ಅಮ್ಮ ಹಣೆ ಚಚ್ಚಿಕೊಳ್ಳುತ್ತಿದ್ದಳು. ಕೋಲಿನ ಸದ್ದಾಗುತ್ತದೆಂದು ತಿರುವುವುದನ್ನು ನಿಲ್ಲಿಸಿದರೆ ಮುದ್ದೆಯಲ್ಲಿ ಗಂಟು. ಆಮೇಲೆ ಅದೇ ಅಪ್ಪ ಊಟಕ್ಕೆ ಕೂತು ಮುದ್ದೆ ಮುರಿದು ಕೇಳುತ್ತಿದ್ದ.

"ಏನಮ್ಮಿ ಇದು, ಇಷ್ಟು ವರ್ಷ ಆಯ್ತು, ಇನ್ನೂ ಮುದ್ದೆ ಮಾಡೋದು ಕಲೀಲಿಲ್ವಾ?"

"ನಿಮ್ಮ ಕೊಳಲಪ್ಪನ್ನೇ ಕರ್ಕೊಂಬನ್ನಿ, ಅವನೇ ಮಾಡಿ ಬಡುಸ್ತಾನೆ," ಎನ್ನುತ್ತಿದ್ದಳು ಅಮ್ಮ, ಸಾರು ಬಿಡುತ್ತಾ. ಅಷ್ಟು ಅನ್ನುವ ಧೈರ್ಯ ಅವಳಿಗಿತ್ತು, ಅದಕ್ಕಿಂತ ಹೆಚ್ಚು ಇರಲಿಲ್ಲ.

ಕೊಳಲು ಹೇಗಿತ್ತು ಎಂದು ಹೇಳಬೇಕು. ಕೊಳಲೆಂದರೆ ಸಾಮಾನ್ಯವಾಗಿ ಹಕ್ಕಿಯಂತೆ ಮೇಲೆ ಹಾರುತ್ತದಲ್ಲ, ಇದು ಹಾಗಲ್ಲ. ಬಾವಿಯ ತಳದಿಂದ ಯಾರೋ ನಿಧಾನವಾಗಿ ಕರೆದ ಹಾಗೆ. ಒಂದು ಸ್ವರ ಹಿಡಿದರೆ ಅದನ್ನು ಬಿಡುವುದಕ್ಕೆ ಮನಸ್ಸಿಲ್ಲದೆ ಎಳೆದು, ಕೊನೆಗೆ ಸ್ವಲ್ಪ ತೂಕಡಿಸಿದಂತೆ ಬಾಗಿ, ಇನ್ನೊಂದಕ್ಕೆ ಇಳಿಯುತ್ತಿತ್ತು. ಹಿಂದೆ ಮೃದಂಗ, ಎಸರು ಕುದಿಯುವ ಹಾಗೆ ಗುಳುಕ್ ಗುಳುಕ್. ಮಗ್ಗ ನಿಂತ ಮೇಲೂ ಕಿವಿಯಲ್ಲಿ ಗುಂಯ್‌ಗುಟ್ಟುತ್ತಿರುತ್ತದೆ. ಆ ಗುಂಯ್‌ಗುಡುವಿಕೆಯ ಕೆಳಗಿನಿಂದ ಈ ಸ್ವರ ಬಂದು ಮೈ ತುಂಬುತ್ತಿತ್ತು. ನನ್ನ ಭುಜದ ನೋವು ಇಳಿಯುತ್ತಿತ್ತು. ಅಜ್ಜಿ ಸಂದಿಯ ಬಾಯಲ್ಲಿ, ನನ್ನ ಪಕ್ಕದಲ್ಲೇ, ಪೊರೆ ಬಂದ ಕಣ್ಣುಗಳನ್ನು ತೆರೆದುಕೊಂಡೇ ಕೂತಿರುತ್ತಿದ್ದಳು. ಅಪ್ಪನ ಕಣ್ಣಲ್ಲಿ ನೀರು ಬರುತ್ತಿತ್ತು. ಹೌದು, ಅಷ್ಟು ಚೆನ್ನಾಗಿತ್ತು ಅದು. ನನಗೂ ಪ್ರಾಣವಾಗಿತ್ತು, ಸುಳ್ಳು ಯಾಕೆ ಹೇಳಲಿ?

ಆದರೆ ಅದು ನುಡಿಯುವಾಗ ಉಸಿರೆತ್ತುವ ಹಾಗಿರಲಿಲ್ಲ. ಕೆಮ್ಮಿದರೆ ಅಪ್ಪ ದುರುಗುಟ್ಟಿ ನೋಡುತ್ತಿದ್ದ. ಒಂದು ಬದಿ ಮುಗಿದರೆ ತಿರುಗಿಸಿ ಹಾಕುತ್ತಿದ್ದ, ಇನ್ನೊಂದು ಬದಿ ಮುಗಿಯುವುದರೊಳಗೆ ಕರೆಂಟ್ ಬಂದುಬಿಡುತ್ತಿತ್ತು. ಬಂದ ತಕ್ಷಣ ಅಪ್ಪ ಎದ್ದು ಮಗ್ಗದ ಗುಂಡಿ ಒತ್ತುತ್ತಿದ್ದ. ಮಗ್ಗ ಓಡುವಾಗ ಮಾತಾಡಲಾಗದು, ಮಗ್ಗ ನಿಂತಾಗ ಮಾತಾಡಕೂಡದು. ನಮ್ಮ ಸನ್ನೆಗಳಲ್ಲಿ 'ನನ್ನನ್ನು ಸ್ಕೂಲಿಗೆ ಕಳಿಸು' ಎನ್ನುವುದಕ್ಕೆ ಸನ್ನೆ ಇರಲಿಲ್ಲ. ಒಂದು ಸಲ ಧೈರ್ಯ ಮಾಡಿ, ಬದಿ ತಿರುಗಿಸುವ ಹೊತ್ತಿನಲ್ಲಿ "ಅಪ್ಪಾ, ಹೈಸ್ಕೂಲು..." ಎಂದೆ. ಅಪ್ಪ ಬೆರಳನ್ನು ತುಟಿಯ ಮೇಲಿಟ್ಟು, ಎಷ್ಟು ಪ್ರೀತಿಯಿಂದ ನಕ್ಕ ಅಂದರೆ, ನನಗೆ ಆ ಟೇಪನ್ನು ಎತ್ತಿ ಬಾವಿಗೆ ಹಾಕುವಷ್ಟು ಸಿಟ್ಟು ಬಂತು.

ಅಪ್ಪನ ತೀರ್ಪು ಒಂದೇ, ಅದನ್ನು ಯಾರು ಬಂದರೂ ಹೇಳುತ್ತಿದ್ದ: "ಇದರ ಮುಂದೆ ಇನ್ನೊಂದಿಲ್ಲ. ಹುಟ್ಟೇ ಇಲ್ಲ. ಮಿಕ್ಕಿದ್ದೆಲ್ಲ ಪೀಪಿ." ಹಾಲಿನವನಿಗೆ ಹೇಳಿದ್ದ, ಮಗ್ಗ ರಿಪೇರಿಯವನಿಗೆ ಹೇಳಿದ್ದ. ಯಾರೂ ಎದುರು ಮಾತಾಡಿದ್ದಿಲ್ಲ. ನಾಗರಾಜ ಮಾವ ಬರುವ ತನಕ.

ನಾಗರಾಜ ಮಾವ ಅಮ್ಮನ ತಮ್ಮ, ಬೂದಿಗೆರೆಯವನು. ಅವನಿಗೆ ಹೊಲದ ಕೆಲಸಕ್ಕಿಂತ ಭಜನೆ ಮಂಡಳಿಯ ಮೇಲೆ ಪ್ರೀತಿ, ಭಜನೆಗಿಂತ ವಾದ ಮಾಡುವುದರ ಮೇಲೆ ಪ್ರೀತಿ. ಒಂದು ಮಧ್ಯಾಹ್ನ ಅವರೆಕಾಯಿ ಚೀಲ ಹೊತ್ತುಕೊಂಡು ಬಂದ. ಅವನು ಒಳಗೆ ಕಾಲಿಡುವುದಕ್ಕೂ ಕರೆಂಟ್ ಹೋಗುವುದಕ್ಕೂ ಸರಿಹೋಯಿತು. ಅಪ್ಪ ಅಗುಳಿ ಹಾಕಿ ಟೇಪ್ ಒತ್ತಿದ. ಮಾವ ಮೊದಲ ಸಲ ಕೇಳುತ್ತಿದ್ದ. ಸ್ವಲ್ಪ ಹೊತ್ತು ಗಲ್ಲಕ್ಕೆ ಕೈಕೊಟ್ಟು ಕೂತವನು ಅಮ್ಮನ ಕಡೆ ನೋಡಿದ, ನನ್ನ ಕಡೆ ನೋಡಿದ, ಕೊನೆಗೆ ತಡೆಯಲಾರದೆ ಬಾಯಿಬಿಟ್ಟ.

"ಭಾವ, ಬೇಜಾರ್ ಮಾಡ್ಕೋಬೇಡಿ. ಈ ಮನುಷ್ಯನಿಗೆ ಮೈಗೆ ಹುಷಾರಿಲ್ವಾ? ಇಷ್ಟ್ಯಾಕೆ ಎಳೀತಾನೆ?"

ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಪ್ಪ ಟೇಪ್ ನಿಲ್ಲಿಸಿದ.

"ಲೇ ನಾಗರಾಜ, ಭಜನೇಲಿ ತಾಳ ಕುಟ್ಟೋನಿಗೆ ಇದೆಲ್ಲ ಅರ್ಥ ಆಗಲ್ಲ ಕಣೋ. ಇದಕ್ಕೆ ಗಾಂಭೀರ್ಯ ಅಂತಾರೆ. ಇದರ ಮುಂದೆ ಇನ್ನೊಂದಿಲ್ಲ."

"ಎಂಥ ಗಾಂಭೀರ್ಯ ಭಾವ? ಸೆಲ್ ಯಾವಾಗ ಹಾಕಿದ್ದು?"

ಆ ಪ್ರಶ್ನೆ ನಮ್ಮ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ನಮ್ಮಲ್ಲಿ ಹೊಸ ಸೆಲ್ ತಂದರೆ ಮೊದಲು ಹೋಗುವುದು ಟಾರ್ಚಿಗೆ. ಮಗ್ಗದ ಅಡಿ ಮಲಗಿ ಕಡಿದ ಎಳೆ ಹುಡುಕುವುದಕ್ಕೆ ಒಳ್ಳೆಯ ಬೆಳಕು ಬೇಕು, ಅದು ಹೊಟ್ಟೆಪಾಡು. ಟಾರ್ಚು ಮಂಕಾದ ಮೇಲೆ ಆ ಸೆಲ್ಲು ಟೇಪಿಗೆ ಬರುತ್ತಿತ್ತು. ಟೇಪ್ ತೀರ ನಿಂತೇಹೋದರೆ ಸೆಲ್ಲುಗಳನ್ನು ಮಾಳಿಗೆಯ ಮೇಲೆ ಬಿಸಿಲಿಗೆ, ಹಪ್ಪಳದ ಪಕ್ಕದಲ್ಲಿ ಒಣಗಿಸಿ ಮತ್ತೆ ಹಾಕುತ್ತಿದ್ದೆವು. ಸಂಸಾರವಂದಿಗರ ಜಾಣತನ ಅದು. ಅದರಲ್ಲೇನಾದರೂ ತಪ್ಪಿದೆಯೆಂದು ಯಾರಿಗೆ ಗೊತ್ತು? ಹಾಡುವವರ ದನಿ ಇರುವ ಇನ್ನೊಂದು ಕ್ಯಾಸೆಟ್ ಮನೆಯಲ್ಲಿ ಇದ್ದಿದ್ದರೆ, ಹೆಂಗಸು ಗಂಡಸಿನ ಗಂಟಲಲ್ಲಿ ಹಾಡಿದಾಗಲಾದರೂ ತಿಳಿಯುತ್ತಿತ್ತೇನೋ.

ಮಾವ ಎದ್ದು ಅಗುಳಿ ತೆಗೆದು, ಬೀದಿಯ ತುದಿಯ ಅಂಗಡಿಗೆ ಹೋಗಿ ಹೊಸ ಸೆಲ್ ತಂದ. ಅಪ್ಪ ಬೇಡವೆನ್ನಲಿಲ್ಲ, ಭಾಮೈದನ ಬಾಯಿ ಮುಚ್ಚಿಸುವ ಆಸೆ ಅವನಿಗೂ ಇತ್ತು. ಸೆಲ್ ಹಾಕಿ ಒತ್ತಿದರೆ, ಅಯ್ಯೋ ದೇವರೇ! ಕೊಳಲು ಹೆದರಿದ ಮೈನಾ ಹಕ್ಕಿಯಂತೆ ಮೇಲಕ್ಕೆ ಹಾರಿ ಚಿಲಿಪಿಲಿಗುಟ್ಟಿತು. ಮೃದಂಗ ಪಟಪಟನೆ ಓಡಿತು. ನಮಗೆ ಒಂದೊಂದು ಸ್ವರವೂ ಗೊತ್ತಿತ್ತು, ಆದರೂ ಗುರುತು ಸಿಗಲಿಲ್ಲ. ಅಜ್ಜಿ ಗಾಬರಿಯಾಗಿ ಕೈಯಾಡಿಸಿ ನನ್ನ ಮೊಣಕಾಲು ಹಿಡಿದುಕೊಂಡಳು.

"ಏಯ್, ಯಾರೇ ಅದು? ಯಾರು ಬಂದ್ರು?" ಎಂದಳು.

ಅಪ್ಪನ ಮುಖ ಬಿಳುಚಿಕೊಂಡಿತ್ತು. "ನನ್ ಕ್ಯಾಸೆಟ್ ಏನ್ಮಾಡ್ದೆ? ಬೇರೇದು ಹಾಕಿದ್ಯಾ?"

"ಇದೇ ನಿಮ್ ಕ್ಯಾಸೆಟ್ಟು ಭಾವ. ಆ ಮಹಾನುಭಾವ ನುಡಿಸಿರೋದು ಹಿಂಗೆ. ಇಷ್ಟು ದಿನ ನೀವು ಕಣ್ಣೀರು ಹಾಕ್ಕೊಂಡು ಕೇಳಿದ್ದು ಸೆಲ್ಲು ಸಾಯ್ತಾ ಇದ್ದಿದ್ದು!"

ಆಮೇಲೆ ಶುರುವಾಯಿತು ನೋಡಿ ಜಗಳ. ಮಾವ ಬಿದ್ದು ಬಿದ್ದು ನಕ್ಕ. ನಕ್ಕಿದ್ದೇ ತಪ್ಪಾಯಿತು. ಹಳೆಯ ಸೆಲ್ಲನ್ನೇ ಮತ್ತೆ ಹಾಕು ಎಂದ ಅಪ್ಪ. ಹಾಕಿದರೆ ಮತ್ತೆ ಬಾವಿಯ ತಳದ ಕೊಳಲು ಬಂತು. ಇದೇ ನಿಜ, ಇದೇ ಶ್ರೇಷ್ಠ ಎಂದ. ಹಾಗಾದರೆ ನುಡಿಸಿದವನು ದಡ್ಡನಾ ಎಂದ ಮಾವ. ಹೌದು, ಅವನಿಗೆ ಅಷ್ಟು ಆತುರ ಯಾಕೆ, ಅವನು ತಪ್ಪು ನುಡಿಸಿದ್ದಾನೆ, ನನ್ನ ಸೆಲ್ಲು ಸರಿಮಾಡಿದೆ ಎಂದುಬಿಟ್ಟ ಅಪ್ಪ! ಅಮ್ಮ ತಮ್ಮನ ಪರ ಒಂದು ಮಾತು, ಗಂಡನ ಪರ ಒಂದು ಮಾತು ಆಡಿ ಇಬ್ಬರಿಂದಲೂ ಬೈಸಿಕೊಂಡಳು. ಅಜ್ಜಿ ಕೂಡ ಬಿಡಲಿಲ್ಲ, ಮೊದಲಿನದೇ ದೇವರ ಮುಂದೆ ಹಾಕುವಂಥದು, ಈಗಿನದು ಮದುವೆ ಮನೆ ಗಲಾಟೆ ಎಂದು ತೀರ್ಪು ಕೊಟ್ಟಳು. ಅವರೆಕಾಯಿ ಚೀಲ ಒದೆಸಿಕೊಂಡು ನೆಲವೆಲ್ಲ ಕಾಯಿ. ಅಷ್ಟು ಜನ ಅಷ್ಟು ಹೊತ್ತು ನಮ್ಮ ಮನೆಯಲ್ಲಿ ಯಾವತ್ತೂ ಮಾತಾಡಿದ್ದಿಲ್ಲ. ನಾನು ಸಂದಿಯಲ್ಲಿ ರಾಟೆಯ ಮುಂದೆ ಕೂತೇ ಇದ್ದೆ. ಒಬ್ಬೊಬ್ಬರ ಬಾಯನ್ನೂ ನೋಡುತ್ತಿದ್ದೆ. ಇವರಿಗೆಲ್ಲ ಇಷ್ಟು ಮಾತು ಬರುತ್ತದೆಯೇ ಅನ್ನಿಸಿತು.

ಕೊನೆಗೆ ಮಾವ ನನ್ನ ಕಡೆ ತಿರುಗಿದ.

"ಭಾವ, ನಮ್ ರತ್ನನ್ನೇ ಕೇಳೋಣ. ದಿನಾ ಕೇಳ್ತಾಳೆ, ಅವಳ ಕಿವಿ ಚೆನ್ನಾಗೈತೆ. ಅವಳು ಹೇಳಿದ್ದು ಒಪ್ಕೋತೀರಾ?"

"ಒಪ್ಕೋತೀನಿ. ಹೇಳು ಅಮ್ಮಣ್ಣಿ. ಯಾವುದು ದೊಡ್ಡದು? ಭಯ ಬೀಳಬೇಡ, ನಿನ್ ಮನಸ್ಸಲ್ಲಿರೋದು ಹೇಳು."

ಮಾವ ಟೇಪ್ ನಿಲ್ಲಿಸಿದ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಮಗ್ಗ ಇರಲಿಲ್ಲ, ಕೊಳಲೂ ಇರಲಿಲ್ಲ. ಆ ಮನೆಯಲ್ಲಿ ನನಗೆ ಹೇಳು ಎಂದು ಬಿಟ್ಟುಕೊಟ್ಟ ಮೌನ ಅದೇ ಮೊದಲು. ಯಾವುದು ದೊಡ್ಡದೆಂದು ನನಗೆ ಗೊತ್ತಿತ್ತು. ಮೊದಲಿನದೇ, ಅಪ್ಪನದೇ. ಈಗಲೂ ಮಗಳು ಕೇಳಿದರೆ ಅದನ್ನೇ ಹೇಳುತ್ತೇನೆ: ಆ ವಿದ್ವಾಂಸರು ನುಡಿಸಿದ್ದು ಒಳ್ಳೆಯ ಕೊಳಲು, ನಮ್ಮ ಮನೆಯ ಸತ್ತ ಸೆಲ್ಲಿನಲ್ಲಿ ಬರುತ್ತಿದ್ದುದರ ಮುಂದೆ ಇನ್ನೊಂದಿಲ್ಲ, ಹುಟ್ಟುವುದೂ ಇಲ್ಲ. ಆದರೆ ಅವತ್ತು ಆ ಮಾತು ಹೇಳಿ ಆ ಹೊತ್ತನ್ನು ಕಳೆದುಕೊಳ್ಳಲು ನಾನು ಸಿದ್ಧಳಾಗಿರಲಿಲ್ಲ.

"ಅಪ್ಪಾ, ನನ್ನ ಸ್ಕೂಲಿಗೆ ಕಳಿಸಪ್ಪ," ಎಂದೆ.

ಅಪ್ಪನಿಗೆ ಅರ್ಥವಾಗಲಿಲ್ಲ. ಇನ್ನೊಂದು ಸಲ ಹೇಳಿದೆ. ಈ ಸಲ ದನಿ ಜೋರಾಗಿಯೇ ಬಂತು.

"ನಂಗೆ ಎಂಟನೇ ಕ್ಲಾಸಿಗೆ ಹೋಗ್ಬೇಕು. ರಜಾ ಮುಗಿಯೋ ಗಂಟ ಅಂತ ನೀನೇ ಅಂದಿದ್ದೆ. ಮುಗಿದು ಎಷ್ಟು ದಿನ ಆಯ್ತು? ಕಳಿಸಪ್ಪಾ."

ಅಪ್ಪ ಸಿಟ್ಟಾಗುತ್ತಾನೆ ಅಂದುಕೊಂಡಿದ್ದೆ. ಆಗಲಿಲ್ಲ. ನಿಧಾನವಾಗಿ ಮಣೆಯ ಮೇಲೆ ಕೂತು ನನ್ನನ್ನು ನೋಡಿದ. ಅವನು ನನ್ನನ್ನು ಹಾಗೆ ನೇರವಾಗಿ ನೋಡಿ ಬಹಳ ದಿನವಾಗಿತ್ತು. ಕಣ್ಣಲ್ಲಿ ಕಪಟವಿರಲಿಲ್ಲ. ನಿಜವಾಗಿ ತಿಳಿದುಕೊಳ್ಳಬೇಕೆಂಬಂತೆ, ಉತ್ತರ ಸಿಕ್ಕರೆ ಒಪ್ಪಿಕೊಳ್ಳುವವನಂತೆ ಕೇಳಿದ.

"ಹೋಗ್ಬಹುದು ಮಗಾ. ಕಂಡಿಕೆ ಯಾರು ಸುತ್ತೋದು?"

ನಾನು ಅಮ್ಮನನ್ನು ನೋಡಿದೆ. ಅವಳು ಕೆಳಗೆ ಬಗ್ಗಿ ಚೆಲ್ಲಿದ ಅವರೆಕಾಯಿ ಆರಿಸತೊಡಗಿದಳು. ಅಜ್ಜಿಯ ಕೈ ನನ್ನ ಮೊಣಕಾಲಿನ ಮೇಲೇ ಇತ್ತು, ಅವಳು ಅದನ್ನು ಮೆಲ್ಲಗೆ ತನ್ನ ಮಡಿಲಿಗೆ ತೆಗೆದುಕೊಂಡಳು. ಸತ್ತ ಸೆಲ್ಲಿಗೂ ಹೊಸ ಸೆಲ್ಲಿಗೂ ಅಷ್ಟು ಹೊತ್ತು ಗಂಟಲು ಹರಿದುಕೊಂಡಿದ್ದ ನಾಗರಾಜ ಮಾವ ಟೇಪಿನ ಮುಚ್ಚಳವನ್ನು ತೆಗೆದು ಹಾಕಿ ಮಾಡುತ್ತಿದ್ದ. ಅಪ್ಪ ಪಾಪ, ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಕಾದ. ನಾನೂ ಕಾದೆ. ಒಬ್ಬರು, ಯಾರಾದರೂ ಒಬ್ಬರು, ದಿನಕ್ಕೆ ಒಂದು ಗಳಿಗೆ ನಾನು ಸುತ್ತುತ್ತೇನೆ ಅಂತ ಬಾಯಿಮಾತಿಗಾದರೂ ಅಂದಿದ್ದರೆ ಸಾಕಾಗಿತ್ತು.

ಕರೆಂಟ್ ಬಂತು. ಅಪ್ಪ ಎದ್ದು ಹೋಗಿ ಗುಂಡಿ ಒತ್ತಿದ.